ಒಂದು ಬಟಾಣಿ, ಹದಿನೆಂಟು ಪುಟ

ಕಾಗದದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಇಲ್ಲಮ್ಮ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು, ಅಲ್ಲೂ ಮಸಿ ಮಾಸಿತ್ತು. ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ ಅವಳು. ಪ್ರತಿ ತಿಂಗಳ ಕೊನೆಗೆ ಒಂದು ದಪ್ಪ ಪುಸ್ತಕ ತೆಗೆದು, 'ಈ ತಿಂಗಳು ವಿಕಿರಣ ವಸ್ತುವಿನ ದುರ್ಬಳಕೆ ನಡೆದಿದೆಯೇ?' ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಬರೆದು ಸಹಿ ಹಾಕಬೇಕು. ಹನ್ನೊಂದು ವರ್ಷದಲ್ಲಿ ನೂರ ಮೂವತ್ತೆರಡು 'ಇಲ್ಲ' ಬರೆದಿದ್ದಳು. ಕೈ ಎಷ್ಟು ಪಳಗಿತ್ತೆಂದರೆ, ಮದುವೆ ನೋಂದಣಿ ಪುಸ್ತಕದಲ್ಲೂ 'ಒಪ್ಪಿಗೆ ಇದೆಯೇ?' ಎಂಬಲ್ಲಿ ಅದನ್ನೇ ಬರೆಯಹೊರಟಿದ್ದಳು. ಹಿಂದಿನಿಂದ ಅಕ್ಕ ಚಿವುಟಿದ್ದಕ್ಕೆ ಮದುವೆ ಉಳಿಯಿತು.

ಇಷ್ಟಕ್ಕೆಲ್ಲ ಕಾರಣ ಕಾಗದದ ಯಂತ್ರದ ತುದಿಯಲ್ಲಿ ಕೂತಿದ್ದ ಒಂದು ಗೇಜು. ಅದಕ್ಕೆ ಮೊಸಳೆಯ ಹಾಗೆ ಎರಡು ದವಡೆ. ಕೆಳಗಿನ ದವಡೆಯಲ್ಲಿ ಅಂಗಿಯ ಗುಂಡಿಯಷ್ಟು ವಿಕಿರಣ ವಸ್ತು, ಮೇಲಿನದರಲ್ಲಿ ಕಿರಣ ಹಿಡಿಯುವ ಕಣ್ಣು. ನಡುವೆ ಹರಿಯುವ ಕಾಗದ ದಪ್ಪವಿದ್ದಷ್ಟೂ ಕಿರಣ ಕಡಿಮೆ ದಾಟುತ್ತದೆ, ಅದನ್ನು ನೋಡಿ ಗೇಜು ಒಂದು ಅಂಕೆ ಹೇಳುತ್ತದೆ. ಕೆಲಸವಿಲ್ಲದಾಗ ಬೀಗದ ಕೈ ತಿರುಗಿಸಿದರೆ ಉಕ್ಕಿನ ಶಟರ್ ಅಡ್ಡ ಸರಿದು ಕಿರಣವನ್ನು ಮುಚ್ಚುತ್ತದೆ. ತೆರೆದಿದ್ದರೆ ಕೆಂಪು ದೀಪ, ಮುಚ್ಚಿದ್ದರೆ ಹಸಿರು. ಹನ್ನೊಂದು ವರ್ಷ ಆ ಹಸಿರು ದೀಪ ನೋಡಿ ನೋಡಿ ಇಲ್ಲಮ್ಮನಿಗೆ ಪಾಲಕ್ ಸೊಪ್ಪು ಕಂಡರೂ ನೆಮ್ಮದಿಯಾಗುತ್ತಿತ್ತು.

ಹದಿನೈದು ದಿನದ ಹಿಂದೆ ವಿಕಿರಣ ಕಚೇರಿಯಿಂದ ಒಂದು ಪತ್ರ ಬಂದಿತ್ತು. ಗೇಜನ್ನು ಕಾಗದ ಅಳೆಯುವುದು ಬಿಟ್ಟು ಬೇರೆ ಯಾವ ಕೆಲಸಕ್ಕೆ ಬಳಸಿದರೂ ಅದು ದುರ್ಬಳಕೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಹದಿನೆಂಟು ಪುಟದ ಫಾರಂ ತುಂಬಿ ವರದಿ ಮಾಡಬೇಕು. ಇದು ಹಳೆಯ ನಿಯಮ. ಈಗ ಕಚೇರಿಯವರಿಗೇ ಅನುಮಾನ ಬಂದಿತ್ತು. 'ಈ ನಿಯಮದಿಂದ ನಿಮಗೆ ಆಗುವ ಕಷ್ಟವೆಷ್ಟು, ಉಪಯೋಗವೆಷ್ಟು? ಎರಡನ್ನೂ ತೂಗಿ ನೋಡಿ ಶನಿವಾರ ಸಂಜೆ ಐದರೊಳಗೆ ತಿಳಿಸಿ. ನಿಯಮ ಇರಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇವೆ.'

ಇಲ್ಲಮ್ಮ ತೂಗಿ ನೋಡಿದಳು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಉತ್ತರ ಸಿದ್ಧವಾಗಿತ್ತು. 'ಕಷ್ಟ: ಇಲ್ಲ. ಉಪಯೋಗ: ಇಲ್ಲ.'

ಬರೆದ ಮೇಲೆ ಬೀರುವಿನ ಕಡೆ ನೋಡಿದಳು. ಆ ಹದಿನೆಂಟು ಪುಟದ ಫಾರಮ್ಮನ್ನು ಒಂದೇ ಒಂದು ಸಲ ತುಂಬಬೇಕೆಂಬ ಆಸೆ ಅವಳಿಗೆ ಹನ್ನೊಂದು ವರ್ಷದಿಂದ ಇತ್ತು. ಬೀರುವಿನಲ್ಲಿ ಅದನ್ನು ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದಳು. ವರ್ಷಕ್ಕೊಮ್ಮೆ ತೆಗೆದು ಧೂಳು ಒರೆಸಿ, ಹದಿನೇಳನೇ ಪುಟದ ನಕ್ಷೆಯ ಚೌಕವನ್ನು ಒಮ್ಮೆ ಸವರಿ, ಮತ್ತೆ ಒಳಗಿಡುತ್ತಿದ್ದಳು.

ಅಷ್ಟರಲ್ಲಿ ಕ್ಯಾಂಟೀನಿನ ಕಡೆಯಿಂದ ಛಾವಣಿ ಹಾರಿಹೋಗುವಂಥ ನಗು ಕೇಳಿಸಿತು.

ಕ್ಯಾಂಟೀನಿನ ಅಡುಗೆಯವನು ಅವಳ ಭಾವ, ಅಂದರೆ ಅಕ್ಕನ ಗಂಡ. ಅವನ ಬಟಾಣಿ ಸೂಪಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಬಟ್ಟಲಿನ ತಳದಲ್ಲಿ ಕಾರ್ಖಾನೆಯ ಮುದ್ರೆ ಇರುತ್ತಿತ್ತು; ಅಂಚಿನ ತನಕ ಸೂಪ್ ಹಾಕಿದರೂ ಮುದ್ರೆಯ ಸಣ್ಣಕ್ಷರ ಸಲೀಸಾಗಿ ಓದಬಹುದಿತ್ತು. ಕನ್ನಡಕ ಮರೆತು ಬಂದವರಿಗೆ ಸೂಪಿನ ಮೂಲಕ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಎರಡು ವರ್ಷದ ಹಿಂದೆ ಗೋದಾಮಿನವನ ಬಟ್ಟಲಲ್ಲಿ ಒಂದು ಇಡೀ ಬಟಾಣಿ ಸಿಕ್ಕಿತೆಂದು ಮೂರೂ ಪಾಳಿಯವರು ಸಾಲುಗಟ್ಟಿ ನೋಡಿ ಹೋಗಿದ್ದರು. ಅವನು ಅದನ್ನು ತಿನ್ನಲಿಲ್ಲ, ಕರವಸ್ತ್ರದಲ್ಲಿ ಕಟ್ಟಿ ಮನೆಯವರಿಗೆ ತೋರಿಸಲು ಒಯ್ದ.

ಅಕ್ಕ ಅದೇ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಯಂತ್ರದ ಆಪರೇಟರ್. ಬರುವ ಸೋಮವಾರ ಮುಖ್ಯ ಆಪರೇಟರ್ ಆಗುವವಳಿದ್ದಳು. ಗಾಜಿನ ಕ್ಯಾಬಿನ್ನು, ತಿರುಗುವ ಕುರ್ಚಿ. ಆ ಕುರ್ಚಿಯ ಮೇಲಿನ ಪ್ಲಾಸ್ಟಿಕ್ ಕೂಡ ಇನ್ನೂ ಬಿಚ್ಚಿರಲಿಲ್ಲ, ಅಕ್ಕನೇ ಬಿಚ್ಚಲಿ ಎಂದು.

ಇಲ್ಲಮ್ಮ ಓಡಿಹೋಗಿ ನೋಡುತ್ತಾಳೆ, ಅಕ್ಕ ಬೆಂಚಿನ ಮೇಲೆ ನಿಂತಿದ್ದಾಳೆ. ಎರಡೂ ಕೈಯಲ್ಲಿ ಒಂದೊಂದು ಹಾಳೆ, ಬಾಯಲ್ಲಿ ಒಂದು ಚೀಟಿ. ಕೆಳಗೆ ತೊಂಬತ್ತು ಜನ. ಸೌಟು ಹಿಡಿದ ಭಾವ ಟೊಮೇಟೊ ಬಣ್ಣಕ್ಕೆ ತಿರುಗಿದ್ದ.

"ಕೇಳ್ರಪ್ಪಾ ಕೇಳ್ರಿ!" ಅಕ್ಕ ಚೀಟಿಯನ್ನು ಕೈಗೆ ತಗೊಂಡಳು. "ಎರಡೂ ಒಂದೇ ಅಳತೆಯ ಮಸಿಹೀರುವ ಹಾಳೆ. ಒಂದನ್ನ ನಲ್ಲಿ ನೀರಲ್ಲಿ ಅದ್ದಿದೆ, ಒಂದನ್ನ ನಮ್ಮ ಯಜಮಾನ್ರ ಸೂಪಲ್ಲಿ ಅದ್ದಿದೆ. ಎರಡನ್ನೂ ಕಾಗದದ ಯಂತ್ರದ ಬಿಸಿ ಸಿಲಿಂಡರ್ ಮೇಲೆ ಒಣಗಿಸಿದೆ. ಸೂಪಲ್ಲಿ ಏನಾದ್ರೂ ಸತ್ವ ಇದ್ರೆ ಹಾಳೇಲಿ ಉಳೀಬೇಕು ತಾನೇ? ನೀರಿನ ಹಾಳೆ, ನೂರ ಇಪ್ಪತ್ತು. ಸೂಪಿನ ಹಾಳೆ, ನೂರ ಇಪ್ಪತ್ತು!"

"ನಲ್ಲಿ ನೀರೇ ಸ್ವಲ್ಪ ಗಟ್ಟಿ ಇರ್ಬೋದು, ನೋಡಿ ಅಕ್ಕಾ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಒಂದು ಮೂಟೆ ಬಟಾಣಿ ಹಾಕಿದೀನಿ!" ಭಾವ ಸೌಟು ಎತ್ತಿದ. "ಬೆಂದು ಕರಗಿದೆ! ಹೆಂಡ್ತಿ ಅಂತ ಸುಮ್ನಿದೀನಿ..."

"ಯಾವತ್ತು ಸುಮ್ನಿದ್ರಿ? ತಾರೀಖು ಹೇಳಿ, ಬರ್ಕೋತೀನಿ."

ಇಲ್ಲಮ್ಮ ಚೀಟಿಯನ್ನು ಕಸಿದುಕೊಂಡು ನೋಡಿದಳು. ಗೇಜಿನ ಸಂಖ್ಯೆ. ತಾರೀಖು. ಒಂದು ಗಂಟೆ ಏಳು ನಿಮಿಷ. ಎಲ್ಲ ಅಚ್ಚುಕಟ್ಟಾಗಿ ಮುದ್ರಣವಾಗಿತ್ತು.

"ಅಕ್ಕಾ, ಇದನ್ನ ಯಾವುದ್ರಲ್ಲಿ ಅಳೆದೆ?"

"ಇನ್ಯಾವುದ್ರಲ್ಲಿ ಅಳೀಲಿ, ಮೊಳ ಹಾಕ್ಲಾ? ಗೇಜಲ್ಲಿ. ಯಂತ್ರ ಹೆಂಗೂ ನಿಂತಿತ್ತಲ್ಲ."

ದುರ್ಬಳಕೆ! ಪಕ್ಕಾ, ಮುದ್ರಿತ, ತೊಂಬತ್ತು ಸಾಕ್ಷಿಗಳ ಎದುರಿನ ದುರ್ಬಳಕೆ! ಇಲ್ಲಮ್ಮನ ಕಾಲು ತಾನಾಗಿಯೇ ಬೀರುವಿನ ಕಡೆ ತಿರುಗಿತು. ಪಕ್ಕದಲ್ಲಿದ್ದ ಗೋದಾಮಿನವನಿಗೆ ಅಷ್ಟರಲ್ಲಿ ಬೇರೆಯೇ ಹೊಳೆದಿತ್ತು. "ಮೇಡಂ, ಹಂಗಾದ್ರೆ ನಾವು ಕುಡಿದ ಸೂಪು..."

"ಸೂಪಿಗೆ ಏನೂ ಆಗಿಲ್ಲ, ಹಾಳೆಗೂ ಏನೂ ಆಗಿಲ್ಲ. ಗೋಡೆ ಮೇಲೆ ಟಾರ್ಚ್ ಬಿಟ್ರೆ ಗೋಡೆ ಟಾರ್ಚ್ ಆಗುತ್ತಾ?"

"ಆಗಲ್ಲ," ಎಂದ ಅವನು. ಆದರೂ ಬಟ್ಟಲನ್ನು ಮೆಲ್ಲಗೆ ಪಕ್ಕದವನ ಮುಂದಕ್ಕೆ ಸರಿಸಿದ.

ಫಾರಂ ಹೊರಗೆ ಬಂತು. ಪ್ಲಾಸ್ಟಿಕ್ ಹೊದಿಕೆ ಹರಿಯುವಾಗ ಇಲ್ಲಮ್ಮನಿಗೆ ಮೈ ಜುಮ್ಮೆಂದಿತು. ಒಂದನೇ ಪುಟ, ಸ್ಥಳ. ಎರಡನೇ ಪುಟ, ಸಮಯ. ಮೂರನೇ ಪುಟ ತಿರುಗಿಸಿದಳು, ಅಲ್ಲಿಗೆ ಕೈ ನಿಂತಿತು. 'ದುರ್ಬಳಕೆ ಮಾಡಿದವರ ಹೆಸರು.' ಅದರ ಕೆಳಗೆ ಸಣ್ಣಕ್ಷರದಲ್ಲಿ: 'ಸದರಿಯವರನ್ನು ಮೂರು ತಿಂಗಳು ಯಂತ್ರದಿಂದ ದೂರ ಇಡತಕ್ಕದ್ದು.'

ಸೋಮವಾರದ ಕುರ್ಚಿ ಮೂರು ತಿಂಗಳು ಕಾಯುವುದಿಲ್ಲ. ಅದು ಅಕ್ಕನ ನಂತರದವನಿಗೆ ಹೋಗುತ್ತದೆ. ಅಪ್ಪ ತೀರಿಕೊಂಡಾಗ ತಾನು ಓದು ಬಿಟ್ಟು ಯಂತ್ರದ ಮುಂದೆ ನಿಂತು, ತಂಗಿಯನ್ನು ಓದಿಸಿದವಳು ಅಕ್ಕ. ಆ ಓದಿನಿಂದಲೇ ಬಂದ ಕೆಲಸ ಇದು, ಆ ಓದಿನಿಂದಲೇ ಬಂದ ಪೆನ್ನು ಇದು.

ಇಲ್ಲಮ್ಮ ಪೆನ್ನು ಕೆಳಗಿಟ್ಟಳು. ಪೆನ್ಸಿಲ್ ತಗೊಂಡಳು.

ಎರಡು ಗಂಟೆಗೆ ಮ್ಯಾನೇಜರ್ ಬಂದ. ಕೆಟ್ಟವನಲ್ಲ, ಪಾಪ. ಲೆಕ್ಕಾಚಾರದ ಮನುಷ್ಯ. ಅವನ ಹಿಂದೆ ಅಕ್ಕ, ಬೆಂಚಿನ ಮೇಲಿದ್ದಾಗಿನ ಅರ್ಧದಷ್ಟು ಎತ್ತರ ಇಳಿದಿದ್ದಳು.

"ಮೇಡಂ, ನೋಡಿ," ಎಂದ ಮ್ಯಾನೇಜರ್, "ವರದಿ ಕಳಿಸಿದ್ರೆ ಅವರು ಬರ್ತಾರೆ. ಅವರು ನೋಡಿ ಹೋಗೋ ತನಕ ಯಂತ್ರ ಶುರು ಮಾಡೋ ಹಾಗಿಲ್ಲ. ಪೇಪರಿನವರಿಗೆ ಗೊತ್ತಾದ್ರೆ 'ವಿಕಿರಣ ಸೂಪು' ಅಂತ ದಪ್ಪಕ್ಷರದಲ್ಲಿ ಹಾಕ್ತಾರೆ, ಅದೂ ನಾವೇ ಮಾಡಿದ ಕಾಗದದ ಮೇಲೆ. ಇದೆಲ್ಲ ಕಷ್ಟದ ಕಡೆ. ಉಪಯೋಗದ ಕಡೆ ಏನಿದೆ ಹೇಳಿ? ಯಾರಿಗೆ ಏನಾಗಿದೆ?"

"ಯಾರಿಗೂ ಏನೂ ಆಗಿಲ್ಲ, ಸರ್," ಇಲ್ಲಮ್ಮ ಒಪ್ಪಿಕೊಂಡಳು. ಸುಳ್ಳೇನಲ್ಲವಲ್ಲ.

"ಮತ್ತೆ? ನಿಮ್ಮ ಅಕ್ಕ ಅಲ್ವಾ? ಯಾರೂ ನೋಡಿಲ್ಲ ಅಂದ್ಕೊಳಿ."

"ತೊಂಬತ್ತು ಜನ ನೋಡಿದಾರೆ."

"ಅವರು ಸೂಪ್ ನೋಡಿದ್ದು."

ಅಕ್ಕ ಬಾಯಿ ಬಿಟ್ಟಳು. "ನೀನು ಬರೀ ಕಣೇ. ನಾನು ಬೇಡ ಅನ್ನಲ್ಲ. ಮಂಗಳವಾರ ಬರಿ. ಸೋಮವಾರ ಒಂದು ದಿನ ಕೂತ್ಕೋತೀನಿ, ಪ್ಲಾಸ್ಟಿಕ್ ಬಿಚ್ತೀನಿ, ಎರಡು ಸುತ್ತು ತಿರುಗ್ತೀನಿ. ಅಷ್ಟೇ."

"ಇಪ್ಪತ್ತನಾಲ್ಕು ಗಂಟೆ ಅಕ್ಕಾ."

"ಹಂಗಾದ್ರೆ ನಂಗೆ ಒಂದು ಗಡಿಯಾರ ತಂದ್ಕೊಡು, ನಿಧಾನ ಓಡೋದು."

ಇಬ್ಬರಿಗೂ ನಗು ಬಂತು, ಇಬ್ಬರೂ ನಗಲಿಲ್ಲ. ಅಕ್ಕ ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತಳು. "ನಿನ್ ಕೆಲಸಕ್ಕೆ ಕುತ್ತು ಬರೋ ಹಾಗಿದ್ರೆ ಬರಿ. ಇಲ್ಲಾಂದ್ರೆ ನಿನ್ನ ಮಾಮೂಲಿ ಪದ ಬರಿ."

ನೂರ ಮೂವತ್ಮೂರನೇ 'ಇಲ್ಲ'. ಕೈಗೆ ರೂಢಿಯಾದ ಪದ, ಒಂದು ಕ್ಷಣದ ಕೆಲಸ. ಇಲ್ಲಮ್ಮ ತನಗೆ ತಾನೇ ಹೇಳಿಕೊಂಡಳು: ಫಾರಂ ಕಳಿಸುವುದಿಲ್ಲ. ಸುಮ್ಮನೆ ತುಂಬುತ್ತೇನೆ, ಪೆನ್ಸಿಲಿನಲ್ಲಿ, ಆಸೆಗೆ. ತುಂಬಿ, ಅಳಿಸಿ, ಮತ್ತೆ ಬೀರುವಿಗೆ ಇಡುತ್ತೇನೆ. ಮೂರನೇ ಪುಟವನ್ನು ಖಾಲಿ ಬಿಟ್ಟು ಮುಂದೆ ಹೋದಳು. ಏಳನೇ ಪುಟದಲ್ಲಿ ಗೇಜಿನ ವಯಸ್ಸು. ಒಂಬತ್ತನೆಯದರಲ್ಲಿ ಬೀಗದ ಕೈ ಯಾರ ಹತ್ತಿರ ಇತ್ತು ಎಂಬುದು. ಎಂಥ ಪ್ರಶ್ನೆಗಳು! ಒಂದೊಂದಕ್ಕೂ ಉತ್ತರ ಇತ್ತು! ಹನ್ನೊಂದನೇ ಪುಟ: 'ದುರ್ಬಳಕೆಯ ನಂತರ ಶಟರ್ ಮುಚ್ಚಿದೆಯೇ ಎಂಬುದನ್ನು ದೀಪ ನೋಡಿ ಅಲ್ಲ, ಮೀಟರ್ ಹಿಡಿದು ಪರೀಕ್ಷಿಸಿ, ಅಂಕೆ ಬರೆಯಿರಿ.'

ಪೆನ್ಸಿಲಿನಲ್ಲಿ ಬರೆಯುವುದಾದರೂ ಸುಳ್ಳು ಅಂಕೆ ಬರೆಯುವುದು ಹೇಗೆ? ವಿಕಿರಣ ಅಳೆಯುವ ಮೀಟರ್ ಹೆಗಲಿಗೆ ಹಾಕಿಕೊಂಡು, ಫಾರಂ ಕಂಕುಳಲ್ಲಿ ಇಟ್ಟುಕೊಂಡು ಯಂತ್ರದ ಕಡೆ ನಡೆದಳು.

ಶನಿವಾರ ಮಧ್ಯಾಹ್ನ ನಿಂತ ಯಂತ್ರ ಆನೆ ಮಲಗಿದ ಹಾಗೆ ಮಲಗಿತ್ತು. ಸಿಲಿಂಡರುಗಳಿಂದ ಇನ್ನೂ ಹಬೆ. ಗೇಜಿನ ಮೇಲೆ ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು. ಆ ಮೀಟರು ಹನ್ನೊಂದು ವರ್ಷದಲ್ಲಿ ವರ್ಷಕ್ಕೊಂದು ಸಲ ಹೊರಬಂದು, ಅಜ್ಜನ ಕೆಮ್ಮಿನಂತೆ ಟಿಕ್... ಟಿಕ್... ಎಂದು ಎರಡು ಸಲ ಹೇಳಿ ಸುಮ್ಮನಾಗುತ್ತಿತ್ತು. ಇವತ್ತೂ ಹಾಗೇ ಶುರುವಾಯಿತು. ಟಿಕ್. ಎರಡು ಹೆಜ್ಜೆ. ಟಿಕ್ ಟಿಕ್. ಇನ್ನೊಂದು ಹೆಜ್ಜೆ, ಉದ್ದ ಕೋಲಿನ ತುದಿಯ ಮೂಗನ್ನು ದವಡೆಯ ಬಾಯಿಗೆ ಹಿಡಿದಳು.

ಮೀಟರ್ ಚೀರಿತು.

ಒಂದು ಚೀರಾಟ ಅಂದರೆ ಚೀರಾಟ! ಛಾವಣಿಯ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಇಲ್ಲಮ್ಮ ಎಷ್ಟು ಹಿಂದಕ್ಕೆ ಹಾರಿದಳೆಂದರೆ, ಅವಳ ಒಂದು ಚಪ್ಪಲಿ ಗೇಜಿನ ಮುಂದೆ ಇತ್ತು, ಇನ್ನೊಂದು ಕಾಲಲ್ಲಿತ್ತು, ನಡುವೆ ಹನ್ನೆರಡು ಅಡಿ. ಹಸಿರು ದೀಪ ಮಾತ್ರ ತಣ್ಣಗೆ ಉರಿಯುತ್ತಲೇ ಇತ್ತು.

ಬೀಗದ ಕೈ ತಿರುಗಿತ್ತು, ದೀಪ ಹಸಿರಾಗಿತ್ತು, ಆದರೆ ಶಟರ್ ಮುಚ್ಚಿರಲಿಲ್ಲ.

ಇಲ್ಲಮ್ಮ ಗೇಜಿನ ಸುತ್ತ ಹಗ್ಗ ಕಟ್ಟಿದಳು. ಎಚ್ಚರಿಕೆಯ ಫಲಕ ತೂಗುಹಾಕಿದಳು. ಉದ್ದ ಹಿಡಿಕೆಯ ಉಕ್ಕಿನ ತಗಡನ್ನು ದೂರದಿಂದಲೇ ದವಡೆಯೊಳಗೆ ತೂರಿಸಿದಳು. ಮೀಟರು ಗಂಟಲು ಇಳಿಸಿ ಮತ್ತೆ ಅಜ್ಜನಾಯಿತು. ಆಮೇಲೆ ಕೋಲಿಗೆ ಕಟ್ಟಿದ ಕನ್ನಡಿಯನ್ನು ಪಕ್ಕದಿಂದ ಹಿಡಿದು, ಟಾರ್ಚ್ ಬಿಟ್ಟು, ಶಟರ್ ಸರಿಯುವ ಹಳಿಯನ್ನು ನೋಡಿದಳು.

ಹಳಿಯಲ್ಲಿ ಒಂದು ಬಟಾಣಿ ಕೂತಿತ್ತು.

ಒಣಗಿ, ಕಲ್ಲಾಗಿ, ದುಂಡಗೆ, ಶಟರಿಗೆ ಹೆಗಲು ಕೊಟ್ಟು ಕೂತಿತ್ತು. ಸೂಪಿನ ಹಾಳೆಯ ಹಿಂಭಾಗಕ್ಕೆ ಅಂಟಿಕೊಂಡು ಬಂದು, ಸಿಲಿಂಡರಿನ ಬಿಸಿಗೆ ಒಣಗಿ, ಹಾಳೆ ಎಳೆಯುವಾಗ ಕಳಚಿ ಬಿದ್ದಿದೆ. ಅಡುಗೆಮನೆಯಿಂದ ಹೊರಟ ಒಂದೇ ಒಂದು ಬಟಾಣಿ, ಕಾರ್ಖಾನೆಯಲ್ಲಿ ಹೋಗಬಾರದ ಒಂದೇ ಒಂದು ಜಾಗಕ್ಕೆ ಹೋಗಿತ್ತು.

"ಏನಾಯ್ತೇ? ಪಾರಿವಾಳಗಳು ಯಾಕೆ ಹೊರಗೆ ಬಂದ್ವು?" ಅಕ್ಕ ಓಡಿ ಬರುತ್ತಿದ್ದಳು.

"ಹಗ್ಗದ ಆಚೆಗೇ ನಿಲ್ಲು! ಅಲ್ಲೇ!" ಇಲ್ಲಮ್ಮ ಅಕ್ಕನ ಮೇಲೆ ಜೀವನದಲ್ಲಿ ಮೊದಲ ಸಲ ಕಿರುಚಿದಳು. ಅಕ್ಕ ಅಲ್ಲೇ ನಿಂತಳು. "ಅಕ್ಕಾ, ನಾಳೆ ಬೆಳಿಗ್ಗೆ ಯಂತ್ರ ತೊಳೆಯೋದು ಯಾರು?"

"ಭಾನುವಾರ ಇನ್ಯಾರು, ನಾನೇ. ಹತ್ತೊಂಬತ್ತು ವರ್ಷದಿಂದ."

"ಗೇಜಿನ ಬಾಯಿ?"

"ಬಟ್ಟೆ ತಗೊಂಡು ಕೈ ಹಾಕಿ ಒರೆಸ್ತೀನಿ. ಮೂಲೇಲಿ ಪುಡಿ ಕೂತಿರುತ್ತಲ್ಲ, ಬೆರಳಲ್ಲೇ ಕೆರೀಬೇಕು, ಅರ್ಧ ಗಂಟೆ ಹಿಡಿಯುತ್ತೆ." ಅಕ್ಕ ದೀಪ ನೋಡಿದಳು. "ದೀಪ ಹಸಿರು ಇದೆಯಲ್ಲ..."

ಇಲ್ಲಮ್ಮ ತಗಡನ್ನು ಒಂದು ಕ್ಷಣ ಹಿಂದಕ್ಕೆ ಎಳೆದಳು. ಮೀಟರ್ ಚೀರಿತು. ಮತ್ತೆ ತೂರಿಸಿದಳು.

ಅಕ್ಕ ತನ್ನ ಬಲಗೈ ಎತ್ತಿ ಐದೂ ಬೆರಳು ನೋಡಿದಳು, ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಏನಾಗ್ತಿತ್ತು?"

"ನಾಳೆ ಏನೂ ಗೊತ್ತಾಗ್ತಿರಲಿಲ್ಲ. ಒಂದೆರಡು ವಾರ ಬಿಟ್ಟು ಚರ್ಮ ಕೆಂಪಾಗಿ ಏಳ್ತಿತ್ತು. ಬಿಸಿ ಸಿಲಿಂಡರ್ ತಾಗಿರ್ಬೇಕು ಅಂತ ನೀನು ಮುಲಾಮು ಹಚ್ಕೊಂಡು, ಮುಂದಿನ ಭಾನುವಾರ ಮತ್ತೆ ಕೈ ಹಾಕ್ತಿದ್ದೆ. ಅದರ ಮುಂದಿನ ಭಾನುವಾರ ಮತ್ತೆ. ನನ್ನ ವರ್ಷದ ಪರೀಕ್ಷೆಗೆ ಇನ್ನೂ ಏಳು ತಿಂಗಳಿದೆ."

ಅಷ್ಟು ಹೊತ್ತಿಗೆ ಮ್ಯಾನೇಜರ್ ಕೂಡ ಬಂದು ಕೇಳಿಸಿಕೊಂಡಿದ್ದ. ಅವನು ಗಡಿಯಾರ ನೋಡಿದ. ನಾಲ್ಕು ಗಂಟೆ ಇಪ್ಪತ್ತು ನಿಮಿಷ.

"ಪೆನ್ನು ಎಲ್ಲಿದೆ?" ಎಂದಳು ಅಕ್ಕ.

"ಯಾಕೆ?"

"ಪೆನ್ಸಿಲ್ಲಲ್ಲಿ ಬರೆದಿದೀಯಲ್ಲ, ನಂಗೇನು ಕಾಣಲ್ವಾ? ನೀನು ಆರನೇ ಕ್ಲಾಸಲ್ಲಿ ಲೆಕ್ಕ ತಪ್ಪಿದಾಗ್ಲೂ ಹಿಂಗೇ ಮಾಡ್ತಿದ್ದೆ. ಮೂರನೇ ಪುಟ ತಾ. ನನ್ನ ಹೆಸರು ನಾನೇ ಬರೀತೀನಿ, ನೀನು ಒತ್ತು ತಪ್ಪಿಸ್ತೀಯ."

ಬರೆದಳು. ಪ್ರತಿ ಅಕ್ಷರವನ್ನೂ ಒತ್ತಿ ಒತ್ತಿ ಬರೆದಳು, ನಾಲ್ಕನೇ ಪುಟಕ್ಕೂ ಅಚ್ಚು ಬಿತ್ತು. ಬರೆಯುತ್ತಾ ಒಂದೇ ಒಂದು ಸಲ ಗಾಜಿನ ಕ್ಯಾಬಿನ್ನಿನ ಕಡೆ ನೋಡಿದಳು.

ಆಗ ಬಂದ ನೋಡಿ ಭಾವ! ಕ್ಯಾಂಟೀನಿನ ತನಕ ಸುದ್ದಿ ಮುಟ್ಟಿತ್ತು. ಏಪ್ರನ್ ಹಾರಿಸಿಕೊಂಡು, ಸೌಟು ಎತ್ತಿಕೊಂಡು, ಹಗ್ಗಕ್ಕೆ ಎಡವಿ ಇನ್ನೇನು ಬೀಳುವವನು ಹೇಗೋ ನಿಂತ.

"ಬಟಾಣಿ ಸಿಕ್ತಂತೆ! ನನ್ ಸೂಪಿಂದು! ಎಲ್ಲಿ ಬರೆದಿದೀಯಮ್ಮಾ ಅದನ್ನ? ದಪ್ಪಗೆ ಬರಿ! ಇಡೀ ಬಟಾಣಿ ಅಂತ ಬರಿ!"

"ಬರೆದಿದೀನಿ ಭಾವ. ಹದಿನೇಳನೇ ಪುಟದಲ್ಲಿ ಚಿತ್ರಾನೂ ಬಿಡಿಸಿದೀನಿ."

"ಸರ್ಕಾರಿ ಕಾಗದದಲ್ಲಿ ನನ್ ಬಟಾಣಿ!" ಭಾವನ ಕಣ್ಣು ತುಂಬಿ ಬಂತು. ಆಮೇಲೆ ಹೆಂಡತಿಯ ಮುಖ ನೋಡಿದ, ಮೂರನೇ ಪುಟ ನೋಡಿದ, ಸೌಟು ಇಳಿಯಿತು. "ಏನೇ ಇದು... ಕುರ್ಚಿ?"

"ಹೋಯ್ತು," ಎಂದಳು ಅಕ್ಕ. "ಕೈ ಉಳೀತಲ್ಲ. ಅದರ ಏಟು ನಿಮಗೆ ತಪ್ಪಿದ್ದಲ್ಲ, ಬಿಡಿ."

ನಾಲ್ಕು ಐವತ್ತೆರಡಕ್ಕೆ ಹದಿನೆಂಟು ಪುಟ ಹೊರಟಿತು. ಉಳಿದ ಎಂಟು ನಿಮಿಷದಲ್ಲಿ ಇಲ್ಲಮ್ಮ ಕಚೇರಿಯ ಪತ್ರಕ್ಕೆ ಬರೆದಿಟ್ಟಿದ್ದ ಉತ್ತರ ಹರಿದು ಹೊಸದು ಬರೆದಳು. 'ಈ ನಿಯಮದಿಂದ ಆದ ಕಷ್ಟ: ನಮ್ಮಕ್ಕನ ಮೂರು ತಿಂಗಳು, ಒಂದು ತಿರುಗುವ ಕುರ್ಚಿ, ನನ್ನ ಒಂದು ಮಧ್ಯಾಹ್ನ. ಉಪಯೋಗ: ನಮ್ಮಕ್ಕನ ಬಲಗೈ. ಎಡಗೈಯಲ್ಲೂ ಒರೆಸುತ್ತಾಳಂತೆ, ಅದನ್ನೂ ಸೇರಿಸಿಕೊಳ್ಳಿ. ಇನ್ನೊಂದು ಮಾತು: ಹೆಸರು ಬರೆದವರ ಕುರ್ಚಿ ಕಿತ್ತುಕೊಂಡರೆ ನಾಳೆ ಯಾರೂ ಹೆಸರು ಬರೆಯುವುದಿಲ್ಲ. ನಾನೂ ಇವತ್ತು ನಾಲ್ಕು ಗಂಟೆ ದಾಟುವ ತನಕ ಬರೆದಿರಲಿಲ್ಲ. ನಿಯಮ ಇರಲಿ, ಮೂರನೇ ಪುಟದ ಸಣ್ಣಕ್ಷರ ಹೋಗಲಿ.'

ಭಾನುವಾರ ಕಚೇರಿಯಿಂದ ಮೂವರು ಬಂದರು. ಉದ್ದ ಚಿಮಟದಲ್ಲಿ ಬಟಾಣಿಯನ್ನು ಎತ್ತಿದರು, ತೂಗಿದರು, ಮೊಹರು ಹಾಕಿದರು. ಭಾವ ಹಗ್ಗದ ಆಚೆ ಇಸ್ತ್ರಿ ಮಾಡಿದ ಏಪ್ರನ್ ಹಾಕಿಕೊಂಡು ನಿಂತಿದ್ದ, ಮಗನನ್ನು ದೂರದೂರಿಗೆ ಕಳಿಸುವವನ ಹಾಗೆ. ದೀಪಕ್ಕೆ ತಂತಿ ಬಂದಿದ್ದು ಬೀಗದ ಕೈಯಿಂದ, ಶಟರಿನಿಂದ ಅಲ್ಲ ಎಂಬುದನ್ನು ಹಿರಿಯ ಇನ್‌ಸ್ಪೆಕ್ಟರ್ ಪತ್ತೆ ಮಾಡಿ, ಅದೇ ಬಗೆಯ ಗೇಜು ಇದ್ದ ಎಲ್ಲ ಕಾರ್ಖಾನೆಗೂ ಅವತ್ತೇ ಫೋನ್ ಹಚ್ಚಿದ. ಎರಡು ಕಡೆ ಶಟರ್ ಅರ್ಧಕ್ಕೇ ನಿಂತಿತ್ತಂತೆ. ಅಲ್ಲಿ ಬಟಾಣಿ ಇರಲಿಲ್ಲ, ಬರೀ ತುಕ್ಕು.

ಸಣ್ಣಕ್ಷರ ಹೋಯಿತೇ ಎಂದು ಕೇಳಿದರೆ, ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಅಲ್ಲಿಯ ತನಕ ಅಕ್ಕ ಯಂತ್ರದ ಹತ್ತಿರ ಹೋಗುವಂತಿರಲಿಲ್ಲ. ಮ್ಯಾನೇಜರ್ ಯೋಚಿಸಿ ಯೋಚಿಸಿ ಅವಳನ್ನು ಕ್ಯಾಂಟೀನಿಗೆ ಹಾಕಿದ. ಮಾರನೇ ದಿನದಿಂದ ಬಟ್ಟಲಿನ ತಳದ ಮುದ್ರೆ ಯಾರಿಗೂ ಕಾಣಲಿಲ್ಲ. ಒಂದು ವಾರದಲ್ಲಿ ಸೂಪಿನಲ್ಲಿ ಸೌಟು ನೆಟ್ಟಗೆ ನಿಲ್ಲತೊಡಗಿತು. ಗೋದಾಮಿನವನು ಮೊದಲ ದಿನ ಬಟಾಣಿಗಳನ್ನು ಮನೆಗೆ ಒಯ್ಯಲು ನೋಡಿ, ಕರವಸ್ತ್ರ ಸಾಲದೆ ಅಲ್ಲೇ ಕೂತು ತಿಂದ.

ತಿಂಗಳ ಕೊನೆ ಬಂತು. ಇಲ್ಲಮ್ಮ ದಪ್ಪ ಪುಸ್ತಕ ತೆಗೆದಳು. 'ಈ ತಿಂಗಳು ವಿಕಿರಣ ವಸ್ತುವಿನ ದುರ್ಬಳಕೆ ನಡೆದಿದೆಯೇ?' ಹನ್ನೊಂದು ವರ್ಷ ಕಾಯ್ದ ಗಳಿಗೆ. ಉಸಿರೆಳೆದುಕೊಂಡಳು, ಪೆನ್ನು ಇಳಿಸಿದಳು. ಕೈ ತನ್ನಷ್ಟಕ್ಕೇ 'ಇ' ಬರೆಯಿತು.

ಸೂಪ್ ತಂದುಕೊಡಲು ಬಂದಿದ್ದ ಅಕ್ಕ ಬಟ್ಟಲನ್ನು ಮೇಜಿನ ಮೇಲಿಟ್ಟು, ಹಿಂದಿನಿಂದ ಚಿವುಟಿದಳು.